ಮಾದೇವಕ್ಕನ ನರುಲಿ, ನನ್ನ ಆಣಿ

ಇವತ್ತು ಬೆಳಿಗ್ಗೆ ಅಂಗಡಿಯ ಕಪಾಟು ಒರೆಸುವಾಗ ಸಣ್ಣದೊಂದು ಟ್ಯೂಬಿನ ಮುಚ್ಚಳ ಸಡಿಲಾಗಿ, ಒಳಗಿದ್ದದ್ದು ಬೆರಳಿಗೆ ಅಂಟಿತು. ಉಗುರುಬಣ್ಣಕ್ಕೆ ಸ್ಪಿರಿಟ್ ಬೆರೆಸಿದಂಥ, ಮೂಗಿಗೆ ಹೊಡೆಯುವ ವಾಸನೆ. ನರುಲಿಗೆ ಹಚ್ಚುವ ಜೆಲ್. ನಾನು ಭಟ್ಕಳದ ಒಂದು ಮೆಡಿಕಲ್ ಶಾಪಿನಲ್ಲಿ ಹದಿನಾರು ವರ್ಷದಿಂದ ಔಷಧಿ ಕೊಡುವವಳು. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತವರಿಗೆ ತಾವು ಮುಕ್ಕಾಲು ಡಾಕ್ಟರು ಎಂಬ ಭ್ರಮೆ ಬರುತ್ತದೆ. ನನಗೂ ಬಂದಿತ್ತು. ಅದನ್ನು ಇಳಿಸಿದವಳು ಮಾದೇವಕ್ಕ.

ಅವಳ ಕತೆಗೆ ಮೊದಲು ನರುಲಿಯ ಸ್ವಭಾವವನ್ನು ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು ಕುಮಟಾದಲ್ಲಿ. ಎಂಟನೇ ವಯಸ್ಸಿಗೆ ನನ್ನ ಮೊಣಕಾಲಿನ ಮೇಲೆ ಎರಡು ನರುಲಿ ಎದ್ದಿದ್ದವು. ಅಜ್ಜಿ ನನ್ನನ್ನು ಧಾರೇಶ್ವರಕ್ಕೆ ಕರೆದೊಯ್ದು, ಉಪ್ಪು ಮೆಣಸಿನ ಗಂಟನ್ನು ಸಮುದ್ರಕ್ಕೆ ಎಸೆಸಿ, "ಹಿಂದೆ ತಿರುಗಿ ನೋಡ್ಬೇಡ" ಎಂದು ಎಳೆದುಕೊಂಡು ಬಂದಳು. ಅದೇ ವಾರ ಅಪ್ಪ ಕಡ್ಡಿಯ ತುದಿಯಲ್ಲಿ ಗೇರೆಣ್ಣೆ, ಗೇರುಬೀಜದ ಸಿಪ್ಪೆಯ ಸುಡುವ ಎಣ್ಣೆ, ಮುಟ್ಟಿಸಿದ. ಅಮ್ಮ ಸುಮ್ಮನಿರಲಾರದೆ ಸುಣ್ಣ ಹಚ್ಚಿದಳು. ಎರಡು ತಿಂಗಳಿಗೆ ನರುಲಿ ಹೋದವು. ಯಾರಿಂದ ಹೋದವು ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಮೂರು ಪಕ್ಷಗಳಿವೆ. ನಾಲ್ಕನೆಯ ಪಕ್ಷ ಡಾಕ್ಟರದು: ಅದು ತಾನಾಗಿಯೂ ಹೋಗುತ್ತದೆ. ಈ ಪಕ್ಷಕ್ಕೆ ನಮ್ಮ ಮನೆಯಲ್ಲಿ ಒಂದು ಮತವೂ ಬಿದ್ದಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ನಲವತ್ತು ದಾಟಿದ ಹೆಂಗಸೊಬ್ಬಳು ಬಂದು, ಬಲಗೈಯನ್ನು ಕೌಂಟರಿನ ಗಾಜಿನ ಮೇಲೆ ತರಕಾರಿ ಇಟ್ಟ ಹಾಗೆ ಇಟ್ಟಳು. ಮೂರು ಬೆರಳಲ್ಲಿ ಐದು ನರುಲಿ. ಒಂದರ ಪಕ್ಕ ಸುಟ್ಟ ಕಲೆ.

"ಇದ್ಕೆ ಎಂತಾರೂ ಕೊಡಿ ಅಕ್ಕೋರೇ. ಗೇರೆಣ್ಣೆ ಹಚ್ಚಿದ್ದೆ. ಕೈ ಸುಟ್ಟೋಯ್ತು, ನರುಲಿ ಹಾಂಗೇ ಉಳೀತು."

ಶಿರಾಲಿಯವಳು, ಹೆಸರು ಮಾದೇವಿ ಎಂದಳು. ನಾನು ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಆಮೇಲೆ ಜೆಲ್ಲಿನ ಟ್ಯೂಬು ತೆಗೆದು ನನ್ನ ಉಪನ್ಯಾಸ ಶುರುಮಾಡಿದೆ. ದಿನಾ ಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೈ ಅದ್ದಬೇಕು. ಒರೆಸಿ, ಉಗುರು ಉಜ್ಜುವ ಪಟ್ಟಿಯಿಂದ ನರುಲಿಯ ತಲೆ ಮೆಲ್ಲಗೆ ಉಜ್ಜಬೇಕು. ಸುತ್ತಲಿನ ಒಳ್ಳೆ ಚರ್ಮಕ್ಕೆ ವ್ಯಾಸ್ಲಿನ್ ಹಚ್ಚಿ, ನಡುವೆ ಒಂದೇ ಹನಿ ಜೆಲ್. ಬ್ಲೇಡು ಮುಟ್ಟಿಸಬಾರದು. ಮೂರು ತಿಂಗಳಾದರೂ ಹಿಡಿಯಬಹುದು. ಒಂದು ದಿನವೂ ತಪ್ಪಬಾರದು. ಕೊನೆಯ ವಾಕ್ಯಕ್ಕೆ ನಾನು ಬೆರಳೆತ್ತಿದ್ದೂ ನೆನಪಿದೆ.

ಮೂರು ವಾರದ ಮೇಲೆ ಮತ್ತೆ ಬಂದಳು. ನರುಲಿ ಒಂದೂ ಹೋಗಿರಲಿಲ್ಲ. ಐದು ಆರಾಗಿತ್ತು.

"ಒಂದು ದಿನ ತಪ್ಪಲಿಲ್ಲ" ಎಂದಳು.

ಎಲ್ಲರೂ ಹಾಗೇ ಹೇಳುವುದು ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಬಾಯಲ್ಲಿ ಮಾತ್ರ, "ಕೈ ಆದಷ್ಟು ಒಣಗಿರಲಿ" ಎಂದೆ.

ಅವಳು ನಕ್ಕಳು. "ಬೆಳಿಗ್ಗಿಂದ ಸಂಜಿ ತನಕ ಪಾತ್ರೆ ತೊಳೆಯೋಳಿಗೆ ಕೈ ಒಣಗುದು ಯಾವಾಗ?"

ಆಗ ಪೂರ್ತಿ ವಿಷಯ ಹೊರಬಿತ್ತು. ಮಾದೇವಕ್ಕ ಮುರ್ಡೇಶ್ವರದ ಒಂದು ಊಟದ ಹೋಟೆಲಿನಲ್ಲಿ ಒಂಬತ್ತು ವರ್ಷ ಬಡಿಸುತ್ತಿದ್ದವಳು. ಯಾತ್ರಿಕರ ಎಲೆಯ ಮುಂದೆ ಸಾರಿನ ಸೌಟು ಹಿಡಿದು, "ಇನ್ನೊಂಚೂರು?" ಎಂದು ಕೇಳುವುದು ಅವಳ ಉದ್ಯೋಗ, ಸುಖ ಎರಡೂ. ಒಂದು ದಿನ ಯಾರೋ ಅವಳ ಬೆರಳು ನೋಡಿ ಎಲೆ ಮಡಚಿ ಎದ್ದರು. ಮಾಲೀಕರು ಮರುದಿನವೇ ಅವಳನ್ನು ಹಿಂದೆ ಪಾತ್ರೆ ತೊಳೆಯಲು ಹಾಕಿದರು. ಒದ್ದೆಯಲ್ಲೇ ಇರುವ ಕೈಯಲ್ಲಿ ನರುಲಿ ಹಬ್ಬುವುದು ಸುಲಭ. ಹೀಗೆ ನರುಲಿಯ ಕಾರಣಕ್ಕೆ ನೀರಿಗೆ ಹೋದ ಕೈ, ನೀರಿನ ಕಾರಣಕ್ಕೆ ಇನ್ನಷ್ಟು ನರುಲಿ ಪಡೆದುಕೊಂಡಿತ್ತು. ಇಷ್ಟು ತಿಳಿಯಲು ನನಗೆ ಮೂರು ವಾರ ಬೇಕಾಯಿತು, ಯಾಕೆಂದರೆ ನಾನು ಕೇಳಿಯೇ ಇರಲಿಲ್ಲ.

ರಬ್ಬರಿನ ಕೈಗವಸು ಕೊಡಲು ಕಪಾಟಿನ ಕಡೆ ನಡೆದೆ. ಹಿಂದಿನಿಂದ ಅವಳ ದನಿ ಬಂತು.

"ಕುಂಟ್ತೀರಲ್ಲ. ಕಾಲಿಗೆ ಎಂತ ಆಯ್ತು?"

"ಆಣಿ. ನಿಂತು ನಿಂತು."

"ತೋರ್ಸಿ, ಕಾಂಬ."

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮುಕ್ಕಾಲು ಡಾಕ್ಟರು ಸ್ಟೂಲಿನ ಮೇಲೆ ಕೂತು ಹಿಮ್ಮಡಿ ತೋರಿಸಿದಳು. ಮಾದೇವಕ್ಕ ಬಗ್ಗಿ ನೋಡಿ, ತಲೆ ಎತ್ತಿದಾಗ ಅವಳ ಮುಖದಲ್ಲಿ ಇದ್ದದ್ದು ಕನಿಕರವೋ ಸಂತೋಷವೋ ಗೊತ್ತಾಗಲಿಲ್ಲ.

"ಎಂತಾ ಆಣಿ? ನಡು ಮಧ್ಯ ಕಪ್ಪು ಚುಕ್ಕಿ ಕಾಣುದಿಲ್ವಾ? ನಂದೂ ಹೀಂಗೇ ಇತ್ತು. ಇದು ನರುಲಿ, ತಂಗಿ."

ಅಕ್ಕೋರು ಹೋಗಿ ತಂಗಿಯಾದದ್ದು ಆ ಕ್ಷಣದಲ್ಲಿ. ಎರಡು ವರ್ಷ ಅದನ್ನು ಆಣಿ ಎಂದು ಕರೆದು ಗೌರವ ಕಾಪಾಡಿಕೊಂಡಿದ್ದೆ. ಆಣಿ ದುಡಿಯುವವರಿಗೆ ಬರುವುದು. ನರುಲಿ ಬೇರೆಯವರಿಗೆ ಬರುವುದು.

ಅಂದಿನಿಂದ ಇಬ್ಬರೂ ಒಟ್ಟಿಗೆ ಹಚ್ಚತೊಡಗಿದೆವು, ಅವಳು ಶಿರಾಲಿಯ ಮನೆಯಲ್ಲಿ, ನಾನು ಭಟ್ಕಳದ ಬಾಡಿಗೆ ಕೋಣೆಯಲ್ಲಿ. ಭಾನುವಾರ ಅಂಗಡಿಯಲ್ಲಿ ತಪಾಸಣೆ. ಅವಳು ಕೈಗವಸು ಹಾಕಿಯೇ ಪಾತ್ರೆ ತೊಳೆದಳು. ಅಡುಗೆಮನೆಯವರು "ಆಪರೇಶನ್ನಿಗೆ ಹೊರಟ್ಯಾ?" ಎಂದು ನಗಾಡಿದರಂತೆ. ಅವಳು ಒಂದು ದಿನವೂ ತಪ್ಪಲಿಲ್ಲ. ನಾನು ಹಚ್ಚಿದ್ದು ಮೊದಲ ವಾರ ದಿನಾ, ಎರಡನೇ ವಾರ ನೆನಪಾದಾಗ, ಆಮೇಲೆ ಶನಿವಾರ ಮಾತ್ರ, ತಪಾಸಣೆಯ ಹೆದರಿಕೆಗೆ. ನನ್ನದೇ ಉಪನ್ಯಾಸವನ್ನು ಅವಳಿಂದ ಬೆರಳೆತ್ತಿದ ಜಾಗದ ಸಮೇತ ಕೇಳಿಸಿಕೊಂಡೆ.

ಹನ್ನೊಂದನೆಯ ವಾರಕ್ಕೆ ಅವಳ ಕೈ ನುಣುಪಾಯಿತು. ಅದೇ ಸೋಮವಾರ ಮಾಲೀಕರ ಮುಂದೆ ಕೈ ಹಿಂದೆ ಮುಂದೆ ತಿರುಗಿಸಿ ತೋರಿಸಿದಳಂತೆ.

"ಎಂತ ಹೇಳಿದ್ರು?" ಎಂದು ಕೇಳಿದೆ.

"ಈಗ ಬೇರೆಯವ್ಳು ಬಡಿಸ್ತಾಳೆ, ನೀ ಪಾತ್ರೆ ಭಾರಿ ಚೊಲೋ ತೊಳಿತೆ, ಅಲ್ಲೇ ಇರು ಅಂದ್ರು."

ಮುಂದಿನ ರಜೆಯ ದಿನ ಅವಳು ನನ್ನನ್ನು ಕರೆದುಕೊಂಡು ಅದೇ ಹೋಟೆಲಿಗೆ ಊಟಕ್ಕೆ ಹೋದಳು. ಜಗಳಕ್ಕೆ ಎಂದು ನಾನು ತಯಾರಾಗಿದ್ದೆ. ಅವಳು ಕೂತದ್ದು ಮಾತ್ರ ಎಲ್ಲರ ನಡುವೆ, ಗಿರಾಕಿಯ ಹಾಗೆ. ಬಡಿಸಲು ಬಂದವಳು ಶಾರದಾ, ನಮ್ಮದೇ ವಯಸ್ಸಿನವಳು. ಮಾದೇವಕ್ಕನನ್ನು ನೋಡಿ ಗಡಿಬಿಡಿಯಲ್ಲಿ ಸೌಟಿನ ಹಿಡಿತ ಬದಲಿಸಿದಳು. ಆಗ ನನಗೆ ಕಂಡಿತು. ಶಾರದಾಳ ಹೆಬ್ಬೆರಳಿನ ಉಗುರಿನ ಪಕ್ಕ, ಸಾಸಿವೆಗಿಂತ ಚೂರು ದೊಡ್ಡದು.

ನನ್ನೊಳಗೆ ಎದ್ದ ಸಂತೋಷವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮಾಲೀಕರ ಕಿವಿಗೆ ಒಂದು ಮಾತು, ಮಾದೇವಕ್ಕನ ಜಾಗ ವಾಪಸು. ಮೊಣಕೈಯಿಂದ ಅವಳನ್ನು ತಿವಿದೆ.

"ಕಂಡೆ. ನೀ ಉಣ್ಣು" ಎಂದಳು. ಶಾರದಾ ಹತ್ತಿರ ಬಂದಾಗ ಎಲೆ ಮುಂದೆ ಸರಿಸಿ, "ಇನ್ನೊಂದು ಸೌಟು ಸಾರು ಹಾಕು" ಎಂದಳು. ಎರಡು ಸಲ ಹಾಕಿಸಿಕೊಂಡು ಉಂಡಳು.

ಕೈ ತೊಳೆಯುವ ಜಾಗದಲ್ಲಿ ಶಾರದಾಳ ಹೆಬ್ಬೆರಳು ಹಿಡಿದಳು. "ಸಕ್ಕರೆ ಕಾಯಿಲೆ ಇತ್ತಾ ನಿಂಗೆ? ಇಲ್ವಾ. ಹಾಂಗಾರೆ ಕೇಳು. ಬ್ಲೇಡು ಮುಟ್ಟಿಸ್ಬೇಡ." ಬೆಚ್ಚಗಿನ ನೀರಿನಿಂದ ವ್ಯಾಸ್ಲಿನ್ನಿನ ತನಕ ಒಂದಕ್ಷರ ಬಿಡದೆ ಹೇಳಿದಳು. ಕೊನೆಗೆ, "ಜೆಲ್ಲು ಇವಳ ಅಂಗಡಿಲಿ ಸಿಗ್ತದೆ. ನಿಂದೇ ಬೇರೆ ತಕೊ, ಉಜ್ಜೋ ಪಟ್ಟಿನೂ ಬೇರೆ. ಅದು ಹೋಗುತನಕ ಮೇಲೆ ಟೇಪು ಸುತ್ತಿ ಬಡಿಸು."

ಶಾರದಾ ಅತ್ತುಬಿಟ್ಟಳು. ಅವಳು ಹದಿನೈದು ದಿನದಿಂದ ಹೆಬ್ಬೆರಳು ಮಡಚಿಯೇ ಸೌಟು ಹಿಡಿಯುತ್ತಿದ್ದಳಂತೆ.

ಶಾರದಾಳದು ವಾಸಿಯಾದ ಮೇಲೆ ಅವರಿಬ್ಬರೂ ಒಟ್ಟಿಗೆ ಮಾಲೀಕರ ಬಳಿ ಹೋದರು. ಒಂದು ದಿನ ಇವಳು ಬಡಿಸುವುದು, ಒಂದು ದಿನ ಅವಳು, ಪಾತ್ರೆಯೂ ಹಾಗೆಯೇ. ಒಪ್ಪದಿದ್ದರೆ ಇಬ್ಬರೂ ಬರುವುದಿಲ್ಲ. ಮಾಲೀಕರು ಎರಡು ದಿನ ಯೋಚಿಸಿ, ಇದು ತಮ್ಮದೇ ಆಲೋಚನೆ ಎಂಬಂತೆ ಒಪ್ಪಿದರು. "ಆತು ಮಾರಾಯ್ತಿ" ಎಂದು ಮಾದೇವಕ್ಕ ಫೋನಿನಲ್ಲಿ ಹೇಳಿದ್ದು ಅಷ್ಟೇ.

ನನ್ನ ಹಿಮ್ಮಡಿಯದು ಏನಾಯಿತು ಎಂದು ನೀವು ಕೇಳಬೇಕಿತ್ತು. ಹಚ್ಚುವುದನ್ನು ಪೂರ್ತಿ ಬಿಟ್ಟ ಎಷ್ಟೋ ತಿಂಗಳ ಮೇಲೆ ಒಂದು ದಿನ ನೋಡಿದರೆ ಅದು ಇರಲಿಲ್ಲ. ಯಾವಾಗ ಹೋಯಿತೋ ತಿಳಿಯದು. ಶ್ರದ್ಧೆಗೆ ಫಲವಿದೆ ಎಂದು ಗಿರಾಕಿಗಳಿಗೆ ಈಗಲೂ ಹೇಳುತ್ತೇನೆ, ನನ್ನ ಕಾಲಿನ ವಿಷಯ ಬಿಟ್ಟು.

ಜೆಲ್ ಅಂಟಿದ ಬೆರಳು ತೊಳೆದು ಬರುವಷ್ಟರಲ್ಲಿ ಅಂಗಡಿಗೆ ಒಬ್ಬ ಬಂದು ನಿಂತಿದ್ದ. ಒಂದು ಕೈ ಪ್ಯಾಂಟಿನ ಜೇಬಿನೊಳಗೆ. ಏನು ಬೇಕೆಂದು ಹೇಳದೆ ಕಪಾಟು ನೋಡುತ್ತಿದ್ದ. ನಾನು ಕೈ ತೋರಿಸು ಎನ್ನಲಿಲ್ಲ.

"ಎಂತ ಕೆಲಸ ಮಾಡ್ತೆ, ತಮ್ಮಾ?"

ಅವನು ನನ್ನನ್ನೇ ನೋಡಿದ. "ಬಂದರದಲ್ಲಿ. ಮೀನಿಗೆ ಐಸು ತುಂಬುದು" ಎಂದ. ಆಮೇಲೆ ತಾನಾಗಿ ಕೈ ಹೊರತೆಗೆದ.