ಕೆಟ್ಟ ವಿಟಮಿನ್ ಡಾಕ್ಟ್ರು

ನನ್ನಂಥವರನ್ನು ಗುರುತಿಸುವುದು ಸುಲಭ: ಪ್ರಯೋಗಾಲಯದ ಮೆಟ್ಟಿಲಲ್ಲಿ ಐಸ್ ಡಬ್ಬಿ ಅವುಚಿಕೊಂಡು ಓಡುತ್ತಿರುತ್ತೇವೆ. ಒಳಗಿರುವುದು ಆಮ್ಲಜನಕ ತಾಗಿ ರೂಪಗೆಟ್ಟ ವಿಟಮಿನ್ ಸಿ. ಬೆಚ್ಚಗಾದರೆ ನಿಮಿಷಗಳಲ್ಲೇ ಹಾಳು. ಅಭ್ಯಾಸಬಲದಿಂದ ಮನೆಯಲ್ಲೂ ಕಾಫಿಯನ್ನು ಓಡಾಡುತ್ತಲೇ ಕುಡಿದು ಅಂಗಿಗೆ ಚೆಲ್ಲಿಕೊಳ್ಳುತ್ತೇನೆ. ನೆಂಟರು ಅಪ್ಪಿತಪ್ಪಿ "ಏನ್ ಕೆಲ್ಸ?" ಅಂದರೆ ಮುಗಿಯಿತು, ಅವರ ತಲೆ ತಿನ್ನುತ್ತೇನೆ: "ಒಳ್ಳೇ ವಿಟಮಿನ್ ಮಿದುಳಿನೊಳಗೆ ಸಲೀಸಾಗಿ ಹೋಗಲ್ಲ. ಈ ಕೆಟ್ಟದ್ದು ಸಕ್ಕರೆ ಹೋಗೋ ಬಾಗಿಲಲ್ಲಿ ನುಸುಳಿ, ಒಳಗೆ ಮತ್ತೆ ಒಳ್ಳೇದಾಗುತ್ತೆ!" "ಹಾಗಾದ್ರೆ ನೆಗಡಿಗೆ ತಗೋಬಹುದಾ?" ಅನ್ನುತ್ತಾರೆ. "ಕೆಟ್ಟ ವಿಟಮಿನ್ ಡಾಕ್ಟ್ರು" ಅಂತ ನನಗೆ ಹೆಸರಿಟ್ಟವನು ಅಣ್ಣ. ಅವನಿಗೀಗ ಲಕ್ವ ಹೊಡೆದಿದೆ. ಮೊನ್ನೆ ಮಂಚದ ಪಕ್ಕ ಕೂತು, ಲಕ್ವ ಹೊಡೆದ ನಮ್ಮ ಇಲಿಗಳು ಈ ಕೆಟ್ಟ ವಿಟಮಿನ್ ಕೊಟ್ಟ ಮೇಲೆ ಎದ್ದು ಓಡಾಡಿದವೆಂದು ಬೀಗಿದೆ. ಮನುಷ್ಯರಿಗೆ ಇನ್ನೂ ಕೊಡುವಂತಿಲ್ಲ ಎಂದು ಮೆಲ್ಲಗೆ ಸೇರಿಸಿದೆ. ಅಣ್ಣ ಸೊಟ್ಟಬಾಯಲ್ಲೇ ನಕ್ಕ: "ನನ್ನನ್ನೂ ಇಲಿ ಅಂತ್ಲೇ ಬರ್ಕೊಳ್ಳೋ."