ಕೇಕಿನ ಹಾಳೆ

ಆ ಹಾಳೆ ಹರಿದವಳು ಶರಣಮ್ಮನಲ್ಲ, ನಾನು. ಹರಿದು, ಮಡಚಿ, ಒಲೆಯ ಕೆಂಡಕ್ಕೆ ಹಾಕಿ, ಅದು ಅಂಚಿನಿಂದ ಕಂದಾಗಿ ಸುರುಳಿಗೊಳ್ಳುವುದನ್ನು ನಿಂತು ನೋಡಿದವಳೂ ನಾನೇ. ಹನ್ನೆರಡು ವರ್ಷ ಈ ಮಾತು ನನ್ನ ಬಾಯಿಂದ ಬರಲಿಲ್ಲ.

ಆಗ ನಾನು ಕೊಪ್ಪಳಕ್ಕೆ ಸೊಸೆಯಾಗಿ ಬಂದು ಮೂರನೆಯ ವರ್ಷ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳೆಂದು ಓಣಿಯಲ್ಲಿ ನನಗೊಂದು ಹೆಸರಿತ್ತು. ಹೈದರಾಬಾದ್ ಸಂಸ್ಥಾನದ ಶಾಲೆಗಳಲ್ಲೆಲ್ಲ ಉರ್ದುವೇ ನಡೆಯುತ್ತಿದ್ದ ಕಾಲವದು. ಊರಿನ ಪುಟ್ಟ ವಾಚನಾಲಯದವರು ಹೆಂಗಸರೂ ಓದಲೆಂದು ತಿಂಗಳಿಗೊಮ್ಮೆ ಒಂದು ಚೀಲ ಪುಸ್ತಕ ನಮ್ಮ ಓಣಿಗೆ ಕಳಿಸುತ್ತಿದ್ದರು. ಒಂದು ಮನೆಯವರು ಓದಿ ಪಕ್ಕದ ಮನೆಗೆ ಕೊಡಬೇಕು, ಕೊನೆಯ ಮನೆಯವರು ತಿರುಗಿ ಮುಟ್ಟಿಸಬೇಕು. ನನ್ನ ಮನೆಯ ನಂತರದ್ದು, ಕೊನೆಯದು, ಶರಣಮ್ಮನ ಮನೆ. ಆಕೆಗೆ ಅಕ್ಷರ ಕಲಿಸಿದವಳು ನಾನು. ಜೋಳ ಹಸನು ಮಾಡುವಾಗ ಮೊರದಲ್ಲಿ ಕಾಳು ಸರಿಸಿ, ಬೆರಳಿನಿಂದ ತನ್ನ ಹೆಸರು ಬರೆದು ತೋರಿಸುತ್ತಿದ್ದಳು. ಆಕೆಯ ಗಂಡನಿಗೆ ಇದು ಸೇರುತ್ತಿರಲಿಲ್ಲ. ಕಲಿಸುವವಳು ನಾನೆಂದು ಸುಮ್ಮನಿದ್ದ, ಅಷ್ಟೆ.

ಆ ದೀಪಾವಳಿಯ ಮುಂದೆ ಚೀಲದಲ್ಲಿ ಒಂದು ಇಂಗ್ಲಿಷ್ ಅಡುಗೆ ಪುಸ್ತಕ ಬಂತು — ಊರು ಬಿಟ್ಟುಹೋದ ಯಾವುದೋ ರೈಲ್ವೆ ಸಾಹೇಬರ ಹೆಂಡತಿ ಕೊಟ್ಟದ್ದು. ತೆರೆದ ಕೂಡಲೇ ಕಾನ್ವೆಂಟಿನ ಕ್ರಿಸ್‌ಮಸ್ ದಿನಗಳ ವಾಸನೆ ಬಂದಂತಾಯಿತು. ಹಿತ್ತಾಳೆ ಪಾತ್ರೆಯ ತಳಕ್ಕೆ ಮರಳು ಹಾಕಿ, ಮುಚ್ಚಳದ ಮೇಲೆ ಕೆಂಡ ಇಟ್ಟು, ಮೊದಲು ಬಿಸ್ಕತ್ತು ಮಾಡಿದೆ. ತಳ ಕರಕಾಯಿತು. ಆಮೇಲೆ ಕೇಕು — ತತ್ತಿಯಿಲ್ಲದೆ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಅತ್ತೆಯ ಮನೆಯಲ್ಲಿ ತತ್ತಿಯ ಹೆಸರೆತ್ತುವುದೂ ಸಾಧ್ಯವಿರಲಿಲ್ಲ.

ಅತ್ತೆ ಒಂದು ತುಂಡು ಕಚ್ಚಿ ನಕ್ಕರು. "ಇದೇನವಾ, ಕೇಕೋ ಬೀಸೂಕಲ್ಲೋ? ನಿಮ್ಮ ಸಿಸ್ಟರ್‌ಗೋಳ ಹಲ್ಲು ಭಾಳ ಗಟ್ಟಿ ಇರಬೇಕು!"

ನನಗೆ ಛಲ ಬಂತು. ಬಳೆ ತೊಡಿಸಲು ಬರುತ್ತಿದ್ದ ಹುಸೇನಬಿ ತನ್ನ ಬುಟ್ಟಿಯಲ್ಲಿ, ಹಸಿರು ಬಳೆಗಳ ಕೆಳಗೆ, ಮೂರು ತತ್ತಿ ತಂದುಕೊಟ್ಟಳು. ಈ ಸಲ ಕೇಕು ಉಬ್ಬಿತು. ಅತ್ತೆ ಕಣ್ಣು ಮುಚ್ಚಿಕೊಂಡು ತಿಂದರು. ಎದೆಯ ಮೇಲೆ ಲಿಂಗ. ನಾನು ಬೇಡವೆನ್ನಬಹುದಿತ್ತು — ಎನ್ನಲಿಲ್ಲ. ಇನ್ನೊಂದು ತುಂಡು ಕೇಳಿದಾಗ ಅದನ್ನೂ ಬಡಿಸಿದೆ.

"ಹತ್ತಿ ಅರಳಿ ಹಂಗ ಹಗೂರ ಐತಿ ನೋಡು! ನಾಳಿ ಸಣ್ಣಾವ ಹೈದರಾಬಾದಿಂದ ಬರ್ತಾನ. ನಿನ್ನ ಯಾಕ ಕಾಡ್ಲಿ, ಅವನ ಕಡಿಂದ ಆ ಹಾಳಿ ಓದಿಸಿಕೊಂಡು ನಾನೂ ಮಾಡ್ತೇನಿ" ಎಂದರು.

ಸಣ್ಣವನೆಂದರೆ ನನ್ನ ಮೈದುನ. ಇಂಗ್ಲಿಷ್ ಬಲ್ಲವನು. ಓದಿದರೆ ಎರಡನೆಯ ಸಾಲಿನಲ್ಲೇ ತತ್ತಿ ಇತ್ತು.

ಅವತ್ತೇ ಹಾಳೆ ಹರಿದು ಸುಟ್ಟೆ. ಪುಸ್ತಕವನ್ನು ಶರಣಮ್ಮನಿಗೆ ಕೊಟ್ಟುಬಿಟ್ಟೆ, ಚಿತ್ರ ನೋಡೆಂದು.

ಮರುದಿನ ಅತ್ತೆ ಹೇಳಿಕಳಿಸಿದಾಗ ಆಕೆಯೇ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಮೈದುನ ಪಡಸಾಲೆಯಲ್ಲಿ ಕೂತು ಪುಟ ತಿರುವಿದ.

"ವೈನಿ, ಇಲ್ಲೊಂದು ಹಾಳಿ ಯಾರೋ ಹರದಾರಲ್ರಿ!"

"ಇಂಗ್ಲಿಷ್ ಬರಲಾರದಾಕಿ ಒಯ್ದು ಏನ್ ಮಾಡಿದೆವಾ?" ಅತ್ತೆ ಶರಣಮ್ಮನತ್ತ ತಿರುಗಿದರು. "ಚಿತ್ರ ಛಲೋ ಕಂಡಿತೇನು?"

"ಇಲ್ರಿ ಯವ್ವಾ, ಲಿಂಗದಾಣಿ ನಾ ಹರದಿಲ್ರಿ. ಬಂದಾಗನ ಹಿಂಗಿತ್ತೋ ಏನೋ… ಅಕ್ಕಾರ, ನೀವಾರ ಹೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಮೈದಾ ಇತ್ತು — ಅದನ್ನೇ ನೋಡುತ್ತ ಹೇಳಿದೆ.

"ನಾ ಕೊಡೂಮುಂದ ಪೂರಾ ಇತ್ತು."

ನಾಲ್ಕೇ ಮಾತು. ಶರಣಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಿರಬೇಕು — ತಿಳಿಯಿತೋ, ಅಥವಾ ನಂಬಲಾಗಲಿಲ್ಲವೋ… ನಾನು ಕಣ್ಣೆತ್ತಿದ್ದರೆ ಗೊತ್ತಾಗುತ್ತಿತ್ತು.

ಸುದ್ದಿ ವಾಚನಾಲಯಕ್ಕೆ ಮುಟ್ಟಿತು. ಚೀಲ ಆಕೆಯ ಮನೆಗೆ ಹೋಗುವುದು ನಿಂತಿತು. ಅದನ್ನು ತಿರುಗಿ ಮುಟ್ಟಿಸುವ ಕೊನೆಯ ಮನೆ ಈಗ ನನ್ನದಾಯಿತು. "ಕಳ್ಳಿ ಅನಿಸ್ಕೊಂಡಿ, ಓದಿದ್ದು ಸಾಕು" ಎಂದು ಆಕೆಯ ಗಂಡ ಕೂಗಿದ್ದು ಗೋಡೆಯಾಚೆಯಿಂದ ಕೇಳಿಸಿತು. ಮುಂದಿನ ವರ್ಷ ಅವರು ಕುಷ್ಟಗಿಗೆ ಹೋದರು.

ಅತ್ತೆಯ ಹೆದರಿಕೆಗೆ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ತೀರಿಕೊಂಡು ಐದು ವರ್ಷವಾಯಿತು. ಈ ಐದು ವರ್ಷ ಯಾರ ಹೆದರಿಕೆ?

ಹೋದ ತಿಂಗಳು ಕುಷ್ಟಗಿಯ ಒಂದು ಮದುವೆಯಲ್ಲಿ ಶರಣಮ್ಮ ಸಿಕ್ಕಳು. ಪಕ್ಕದಲ್ಲಿ ಎಂಟು ವರ್ಷದ ಮಗಳು. ಸಾಲಿಗೆ ಹೋಗುತ್ತಾಳೇನೆಂದು ಕೇಳಿದೆ.

"ಪುಸ್ತಕದ ಸಾವಾಸ ಬ್ಯಾಡ್ರಿ ಅಕ್ಕಾರ" ಎಂದಳು, ಮಗಳ ಜಡೆ ಸರಿಮಾಡುತ್ತ. "ಎಲ್ಲ್ಯಾರ ಒಂದು ಹಾಳಿ ಹರದರ, ಕೂಸಿನ ಮ್ಯಾಲ ಬರ್ತೈತಿ."

ಕೊಂಕಿರಲಿಲ್ಲ ಆ ದನಿಯಲ್ಲಿ. ಅದೇ ನನ್ನನ್ನು ಕೊಂದದ್ದು. ಅಲ್ಲಿಯೂ ನಾನು — ಮತ್ತೆ — ಸುಮ್ಮನೆ ಎದ್ದು ಬಂದೆ.

ಇದನ್ನು ಬರೆದದ್ದು ಆಕೆಗೆ ಕಳಿಸಲಿಕ್ಕಲ್ಲ. ಆಕೆಯ ಕೈಯಿಂದ ಓದನ್ನು ಕಿತ್ತುಕೊಂಡವಳು ಯಾವ ಮುಖ ಹೊತ್ತು ಕಾಗದ ಕಳಿಸಲಿ? ಸೋಮವಾರ ಕುಷ್ಟಗಿಗೆ ಹೋಗುತ್ತೇನೆ. ಆಕೆಯ ಗಂಡನನ್ನೂ ಮಗಳನ್ನೂ ಕೂಡಿಸಿಕೊಂಡು, ತತ್ತಿಯಿಂದ ಹಿಡಿದು ಸುಳ್ಳಿನವರೆಗೆ ಎಲ್ಲವನ್ನೂ ದೊಡ್ಡ ದನಿಯಲ್ಲಿ ಓದುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಆ ಹುಡುಗಿ ಒಮ್ಮೆ ಕೇಳಿಸಿಕೊಳ್ಳಲಿ — ತನ್ನ ತಾಯಿ ಹರಿಯಲಿಲ್ಲವೆಂದು.