ಕಾವಲು ಮುಟ್ಟದ ಮೂಲೆ

ನಮ್ಮ ಸುಮ ಡಾಕ್ಟರೇಟ್ ಪಾಸಾದಳು! ನನ್ನ ಮಗನ ಮಗಳು. ನಾನು ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವನು. ಇದನ್ನು ಬರೆಯುವಾಗಲೂ ಹಿಗ್ಗು ತಡೆಯಲಾಗುತ್ತಿಲ್ಲ.

ಅವಳ ಕೊನೆಯ ಪರೀಕ್ಷೆ ನೋಡಲು ಬೆಳಿಗ್ಗೆ ರಾಮನಾಥಪುರದಲ್ಲಿ ಹಾಸನದ ಬಸ್ಸು ಹತ್ತಿದೆ. ತುಂತುರು ಮಳೆ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲ, ಬೆಂಕಿ ಬಿಟ್ಟು ಮಗ ಸೊಸೆ ಬರುವಂತಿರಲಿಲ್ಲ. "ಅಜ್ಜೀನೂ ಕರ್ಕೊಂಡ್ ಬರೋದಲ್ವಾ ಯಜಮಾನ್ರೇ, ಅವ್ರಿಗೆ ಫ್ರೀ," ಎಂದು ಕಂಡಕ್ಟರ್ ನಕ್ಕ. ನನ್ನ ಹೆಂಡತಿ ತೀರಿಕೊಂಡಿದ್ದಾಳೆ. ದುಡ್ಡು ಕೊಟ್ಟು ಒಂದೇ ಟಿಕೆಟ್ ತೆಗೆದುಕೊಂಡೆ. ಅರಕಲಗೂಡಿನಲ್ಲಿ ಬಸ್ಸು ನಿಂತಾಗ ಟೀ ಕುಡಿದೆ. ಪಕ್ಕದ ಸೀಟು ಹಾಸನದವರೆಗೂ ಖಾಲಿಯೇ ಇತ್ತು.

ಕಾಲೇಜಿನ ಹಾಲಿನಲ್ಲಿ ಕೊನೆಯ ಬೆಂಚಿನ ಮೇಲೆ ಕೂತೆ. ಸುಮ ಹೇಳುತ್ತಿದ್ದುದೆಲ್ಲ ಇಂಗ್ಲಿಷು. ಪರದೆಯ ಮೇಲೆ ಒಂದು ಚೌಕ, ಅದರೊಳಗೊಂದು ವೃತ್ತ. ಏನಂತೆ ಎಂದು ಪಕ್ಕದ ಹುಡುಗಿಯನ್ನು ಕೇಳಿದೆ.

"ಈ ವಿಧಾನ ಕೆಲ್ಸ ಮಾಡಲ್ಲ ಅಂತಾವ್ರೆ ತಾತ."

ಅಷ್ಟರಲ್ಲಿ ಮೇಷ್ಟ್ರುಗಳು ಸುಮಳನ್ನೂ ನಮ್ಮನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ನಮ್ಮ ಕಾಲದಲ್ಲಿ ಕ್ಲಾಸಿನಿಂದ ಹೊರಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಇಷ್ಟು ವರ್ಷದ ಓದು ನೀರುಪಾಲಾಯಿತು ಎಂದುಕೊಂಡೆ. ಹೇಳಿಕೊಳ್ಳಲು ನನ್ನವರು ಯಾರೂ ಇರಲಿಲ್ಲ. ಒಂದು ಕಂಬಕ್ಕೊರಗಿ ಅಳುತ್ತ ನಿಂತೆ. ಸುಮ ಹುಡುಕಿಕೊಂಡು ಬಂದಳು.

"ಕೆಲ್ಸ ಮಾಡಲ್ಲ ಅಂತ ನೀನೇ ಒಪ್ಕೊಂಡ್ಬುಟ್ಯಲ್ಲವ್ವಾ," ಎಂದೆ.

"ಯಾಕೆ ಮಾಡಲ್ಲ ಅಂತ ತೋರ್ಸೋದೇ ನನ್ನ ಓದು ಕಣ್ ತಾತ! ಮೈಯೊಳಗೆ ರೋಗಾನ ಹಿಡ್ದು ಹಾಕೋ ಕಾವಲಿನವ್ರು ಇರ್ತಾರಲ್ಲ, ಅದನ್ನ ನೋಡ್ಕೊಂಡು ಕಂಪ್ಯೂಟರಿಗೂ ಕಾವಲು ಮಾಡವ್ರೆ. ಒಬ್ಬೊಬ್ಬ ಕಾವಲಿನವ್ನಿಗೂ ಕಾಯೋಕೆ ಚೆಂಡಿನಂಗೆ ದುಂಡಗೆ ಒಂದು ಜಾಗ. ಪೆಟ್ಟಿಗೇಲಿ ಚೆಂಡಿಟ್ರೆ ಮೂಲೆ ಖಾಲಿ ಉಳೀತದಲ್ವಾ? ನಮಗೆ ಉದ್ದ, ಅಗಲ, ಎತ್ತರ ಮೂರೇ ಅಳತೆ. ಕಂಪ್ಯೂಟರಿನ ಲೆಕ್ಕದಲ್ಲಿ ನೂರಾರು. ಅಳತೆ ಹೆಚ್ಚಿದಂಗೆಲ್ಲ ಪೆಟ್ಟಿಗೆ ಪೂರಾ ಮೂಲೇನೇ ಆಗೋಯ್ತದೆ, ಚೆಂಡು ಲೆಕ್ಕಕ್ಕೇ ಇಲ್ಲ. ಕಂಪ್ಯೂಟರಿಗೆ ನುಗ್ಗಿದ ಕಳ್ಳ ಮೂಲೇಲಿ ಆರಾಮಾಗಿ ಕೂತಿರ್ತಾನೆ."

"ಮತ್ತೆ ಒರಗಡೆ ಯಾಕ್ ಅಟ್ಟುದ್ರು?"

"ಅವ್ರವ್ರೇ ಮಾತಾಡ್ಕೊಳ್ಳೋಕೆ. ಎಲ್ರನ್ನೂ ಇಂಗೇ ಕಳಿಸ್ತಾರೆ. ಅಳ್ಬೇಡ ಬುಡು, ನೋಡ್ದೋರು ನಗ್ತಾರೆ."

ಬಾಗಿಲು ತೆರೆಯಿತು. "ಬನ್ನಿ ಡಾಕ್ಟರ್," ಎಂದು ಹಿರಿಯ ಮೇಷ್ಟ್ರು ಅವಳ ಕೈ ಕುಲುಕಿದರು. ನಾನು ಮಾತ್ರ ಇನ್ನೂ ಜೋರಾಗಿ ಅತ್ತೆ.

ಸಂಜೆ ಇಬ್ಬರೂ ಊರಿಗೆ ಬಂದೆವು. ಸೊಸೆ ಮುದ್ದೆ, ಕೋಳಿಸಾರು ಮಾಡಿದ್ದಳು. ಎಲ್ಲರೂ ಒಟ್ಟಿಗೆ ಕೂತೆವು.

"ಫೇಲಾಗಿದ್ರೆ ಏನ್ ಮಾಡ್ತಿದ್ದೆ ಅಪ್ಪ?" ಎಂದು ಸುಮ ಕೇಳಿದಳು.

ಮಗ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, "ಇದೇ ಮುದ್ದೆ, ಇದೇ ಸಾರು ಕಣವ್ವಾ. ಉಣ್ಣು," ಎಂದ.

ಎಲ್ಲರೂ ನಕ್ಕೆವು. ಎಷ್ಟೋ ದಿನಗಳ ಮೇಲೆ ನಾನೂ ಎರಡನೇ ಸಲ ಸಾರು ಹಾಕಿಸಿಕೊಂಡೆ.